ಶುಗರ್ ಮಾತ್ರೆ ನುಂಗಿ ಬರಿ ಹೊಟ್ಟೆಯಲ್ಲಿ ವಾಕಿಂಗ್ ಹೊರಡಬೇಡಿ

ರಾಜಾಜಿನಗರದ ರಾಮಮಂದಿರ ಮೈದಾನದ ಆಸುಪಾಸು, ಬಸವೇಶ್ವರನಗರ ಮತ್ತು ವಿಜಯನಗರದ ಪಾರ್ಕುಗಳು, ಮಲ್ಲತ್ತಹಳ್ಳಿ ಕೆರೆಯ ಏರಿ, ಜ್ಞಾನಭಾರತಿಯ ಮರಗಳ ಸಾಲು, ಕೆಂಗೇರಿ ಉಪನಗರದ ಬೀದಿಗಳು. ಇಲ್ಲೆಲ್ಲ ಬೆಳಕು ಹರಿಯುವ ಮೊದಲೇ ಹೆಜ್ಜೆ ಹಾಕುವ ಸಾವಿರಾರು ಹಿರಿಯರಿಗೆ, ಅಕ್ಕ-ಅಣ್ಣಂದಿರಿಗೆ, ಅವರ ಮನೆಯವರಿಗೆ ಈ ಮನವಿ. ನಿಮ್ಮಲ್ಲಿ ಬಹಳಷ್ಟು ಮಂದಿ ವೈದ್ಯರು ಹೇಳಿದ್ದಾರೆಂದೇ ನಡೆಯುತ್ತಿದ್ದೀರಿ. ಮಳೆಯಿರಲಿ, ಚಳಿಯಿರಲಿ, ತಪ್ಪಿಸದೆ ಬರುತ್ತೀರಿ. ಆ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ನಡಿಗೆ ಬಿಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು, ಹೊಟ್ಟೆಗೆ ಏನೂ ಹಾಕಿಕೊಳ್ಳದೆ, ಗಂಟೆಗಟ್ಟಲೆ ಹೊರಗಿರುವ ರೂಢಿ ನಮ್ಮ ಬಡಾವಣೆಗಳಲ್ಲಿ ಬೇರು ಬಿಟ್ಟಿದೆ. ಅದನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಆ ರೂಢಿ ಹೇಗಿದೆ ನೋಡಿ. ಐದಕ್ಕೆ ಏಳುವುದು. ಮುಖ ತೊಳೆದು, ಒಂದು ಲೋಟ ನೀರು ಕುಡಿದು, ಡಬ್ಬಿಯಲ್ಲಿರುವ ‘ಊಟಕ್ಕೆ ಮುಂಚೆ’ಯ ಮಾತ್ರೆ ನುಂಗುವುದು. ಸಕ್ಕರೆ ಇಲ್ಲದ ಅರ್ಧ ಲೋಟ ಕಾಫಿ. ಐದೂವರೆಗೆ ಪಾರ್ಕಿನ ಗೇಟು. ನಾಲ್ಕೈದು ಸುತ್ತು ಬಿರುಸು ನಡಿಗೆ, ಆಮೇಲೆ ಯೋಗವೋ ನಗೆಕೂಟವೋ. ಏಳಕ್ಕೆ ಬೆಂಚಿನ ಮೇಲೆ ಗೆಳೆಯರೊಡನೆ ರಾಜಕೀಯ, ಮಕ್ಕಳ ಸಮಾಚಾರ. ದಾರಿಯಲ್ಲಿ ಹಾಲು, ಹೂವು, ಸೊಪ್ಪು. ಮನೆಗೆ ಬಂದು ಸ್ನಾನ, ಪೂಜೆ. ತಿಂಡಿಯ ತಟ್ಟೆ ಕೈಗೆ ಬರುವಾಗ ಎಂಟೂವರೆ. ಹಿಂದಿನ ರಾತ್ರಿ ಎಂಟೂವರೆಗೆ ಉಂಡಿದ್ದರೆ ಅಲ್ಲಿಗೆ ಹನ್ನೆರಡು ಗಂಟೆಯ ಉಪವಾಸ. ಮಾತ್ರೆ ಒಳಗೆ ಹೋಗಿ ಮೂರು ಗಂಟೆ ದಾಟಿದೆ.

ಆ ಮೂರು ಗಂಟೆಯಲ್ಲಿ ಒಳಗೆ ಆಗುವುದು ಇಷ್ಟು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಎಂಬುದು ಆ ಮಾತ್ರೆಗೆ ಗೊತ್ತಾಗುವುದಿಲ್ಲ. ತಿಂಡಿ ಬರುತ್ತದೆ ಎಂಬ ಲೆಕ್ಕದ ಮೇಲೆ ಅದು ಕೆಲಸ ಶುರು ಮಾಡುತ್ತದೆ. ಇತ್ತ ನಡೆಯುವ ಕಾಲಿನ ಸ್ನಾಯುಗಳೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಿರುತ್ತವೆ. ಇದನ್ನು ಸರಿದೂಗಿಸಬೇಕಾದದ್ದು ಯಕೃತ್ತು. ಹೊಟ್ಟೆ ತುಂಬ ಉಂಡವರ ಯಕೃತ್ತಿನಲ್ಲಿ ಸುಮಾರು 100 ಗ್ರಾಂನಷ್ಟು ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ರಾತ್ರಿಯಿಡೀ ಮಿದುಳಿಗೆ ಮುಖ್ಯವಾಗಿ ಅದರಿಂದ ಹಂಚಿಕೆಯಾಗಿ, ಬೆಳಗಿನ ಹೊತ್ತಿಗೆ ದಾಸ್ತಾನು ಇಳಿದಿರುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅದು ‘ಲೋ ಶುಗರ್’. ಕೈ ನಡುಗುತ್ತದೆ, ತಣ್ಣನೆಯ ಬೆವರು ಕಿತ್ತುಬರುತ್ತದೆ, ಎದೆ ಡವಗುಟ್ಟುತ್ತದೆ, ಕಣ್ಣು ಮಂಜಾಗುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ದಿಕ್ಕು ತಪ್ಪುತ್ತದೆ, ಪ್ರಜ್ಞೆ ಹೋಗುತ್ತದೆ. ವಾಕಿಂಗಿನಲ್ಲಿ ಎಲ್ಲರೂ ಬೆವರುವುದರಿಂದ ಈ ಬೆವರು ಬೇರೆ ಎಂದು ಪಕ್ಕದವರಿಗೂ ಹೊಳೆಯುವುದಿಲ್ಲ, ಸ್ವತಃ ಅನುಭವಿಸುವವರಿಗೂ ಹೊಳೆಯುವುದಿಲ್ಲ. ಕಾರ್ಡ್ ರಸ್ತೆ ದಾಟುವಾಗ, ಪಾರ್ಕಿನ ಮೆಟ್ಟಿಲು ಇಳಿಯುವಾಗ ಒಂದು ಕ್ಷಣ ಕಣ್ಣು ಕತ್ತಲಿಟ್ಟರೆ ಸಾಕು, ವಯಸ್ಸಾದವರ ಸೊಂಟದ ಮೂಳೆ ಮುರಿಯಬಹುದು.

ಗೊಂದಲಕ್ಕೆ ಕಾರಣ ಚೀಟಿಯ ಮೇಲಿನ ಆ ‘ಊಟಕ್ಕೆ ಮುಂಚೆ’. ಮನೆಮನೆಯಲ್ಲೂ ಈಗ ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಥೈರಾಯ್ಡ್ ಮಾತ್ರೆ, ಶುಗರ್ ಮಾತ್ರೆ, ಬಿಪಿ ಮಾತ್ರೆ, ಗ್ಯಾಸ್ ಮಾತ್ರೆ ಒಟ್ಟಿಗೆ. ಥೈರಾಯ್ಡ್ ಮಾತ್ರೆಯನ್ನು ನಿಜಕ್ಕೂ ಬರಿ ಹೊಟ್ಟೆಯಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿಯನ್ನೂ ಮುಟ್ಟದೆ ಕಾಯಬೇಕು. ಆ ಹೊತ್ತಿನಲ್ಲಿ ವಾಕಿಂಗ್ ಮಾಡಿದರೆ ಅಡ್ಡಿಯಿಲ್ಲ. ಶುಗರ್ ಮಾತ್ರೆಯ ಲೆಕ್ಕ ಬೇರೆ. ಗ್ಲಿಮೆಪಿರೈಡ್‌ನಂಥದ್ದನ್ನು ತಿಂಡಿಯ ಜೊತೆಗೇ ಅಥವಾ ತಟ್ಟೆ ಮುಂದಿಡುವ ಸ್ವಲ್ಪ ಮುಂಚೆ ತೆಗೆದುಕೊಳ್ಳಬೇಕು. ಅಂದರೆ ಒಲೆಯ ಮೇಲೆ ಇಡ್ಲಿ ಬೇಯುತ್ತಿರುವ ಹೊತ್ತು. ಬೆಳಗಿನ ಐದು ಗಂಟೆಗೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಗುಟುಕು ನೀರಿನಲ್ಲಿ ನುಂಗಿ ಹೊರಡುವವರು ಎಷ್ಟು ಮಂದಿ ಎಂದು ನಿಮ್ಮ ಗುಂಪಿನಲ್ಲೇ ಕೇಳಿ ನೋಡಿ.

ಹಾಗಾದರೆ ಎಲ್ಲ ಶುಗರ್ ಮಾತ್ರೆಗಳೂ ಹೀಗೆಯೇ? ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಇಷ್ಟು ಕುಸಿಯುವುದು ಅಪರೂಪ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಒಂದೇ ಇದ್ದರೂ ಅಷ್ಟೆ. ಡಾಪಾಗ್ಲಿಫ್ಲೋಜಿನ್ ವರ್ಗದವು ಮೂತ್ರದಲ್ಲಿ ಸಕ್ಕರೆಯನ್ನೂ ನೀರನ್ನೂ ಹೊರಹಾಕುವುದರಿಂದ ಅಂಥವರು ನೀರು ಕುಡಿಯದೆ ಬಿರುಸಾಗಿ ನಡೆಯಬಾರದು, ದೀರ್ಘ ಉಪವಾಸವನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ತೊಂದರೆ ಇರುವುದು ನಮ್ಮಲ್ಲಿ ಎರಡು-ಮೂರು ಔಷಧಿ ಸೇರಿಸಿದ ಮಾತ್ರೆಗಳೇ ಹೆಚ್ಚು ಎಂಬುದರಲ್ಲಿ. ‘ನಂದು ಬರೀ ಒಂದೇ ಮಾತ್ರೆ’ ಎನ್ನುತ್ತಾರೆ. ಆ ಒಂದರೊಳಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಮೂರೂ ಇರಬಹುದು. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಮಗನಿಂದಲೋ ಮೊಮ್ಮಗಳಿಂದಲೋ ಓದಿಸಿಕೊಳ್ಳಿ.

ವೊಗ್ಲಿಬೋಸ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದು, ಮತ್ತು ಅಕಾರ್ಬೋಸ್, ನಾವು ತಿಂದ ಪಿಷ್ಟ ಮತ್ತು ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ನಿಧಾನ ಮಾಡುತ್ತವೆ. ಹಾಗಾಗಿ ಈ ಮಾತ್ರೆ ತೆಗೆದುಕೊಳ್ಳುವವರಿಗೆ ಲೋ ಶುಗರ್ ಆದಾಗ ಅಡುಗೆಮನೆಯ ಸಕ್ಕರೆ, ಬಿಸ್ಕತ್ತು, ಚಾಕೊಲೇಟ್ ಬೇಗ ಕೆಲಸ ಮಾಡುವುದಿಲ್ಲ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಜೇಬಿನಲ್ಲಿ ಚಾಕೊಲೇಟ್ ಇಟ್ಟುಕೊಂಡಿದ್ದೇನೆ ಎಂಬ ಧೈರ್ಯದಲ್ಲಿರುವವರು ಇದನ್ನು ತಿಳಿದಿರಲೇಬೇಕು. ಹಾಗೆಯೇ ಬಿಪಿಗೆ, ಹೃದಯಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದವು ನಡೆಯುತ್ತಿದ್ದರೆ ಕೈ ನಡುಕ, ಎದೆಬಡಿತ ಎಂಬ ಮುನ್ಸೂಚನೆಗಳು ಮಸುಕಾಗುತ್ತವೆ. ಬೆವರೊಂದೇ ಉಳಿಯುವ ಗುರುತು. ಮೂತ್ರಪಿಂಡ ದುರ್ಬಲವಾದವರಲ್ಲಿ ಕೆಲವು ಶುಗರ್ ಮಾತ್ರೆಗಳ ಪ್ರಭಾವ ಹೆಚ್ಚು ಹೊತ್ತು ಉಳಿಯುತ್ತದೆ. ಹಿಂದಿನ ರಾತ್ರಿ ಮದ್ಯ ಸೇವಿಸಿದ್ದರೆ ಯಕೃತ್ತು ಸಕ್ಕರೆ ಬಿಟ್ಟುಕೊಡುವ ಕೆಲಸದಲ್ಲಿ ಹಿಂದೆ ಬೀಳುತ್ತದೆ, ಮರುದಿನ ಬೆಳಗ್ಗೆ ಅದರ ಪೆಟ್ಟು ತಟ್ಟುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ತೊಡೆಗೆ ಚುಚ್ಚಿಕೊಂಡು ಕೂಡಲೇ ನಡೆಯಲು ಹೋದರೆ ಅದು ಮಾಮೂಲಿಗಿಂತ ಬೇಗ ರಕ್ತ ಸೇರುತ್ತದೆ.

ಇದಕ್ಕೆ ಪರಿಹಾರ ಬಹಳ ಸಲ ಸುಲಭ. ಮಾತ್ರೆಯನ್ನು ನಡಿಗೆ ಮುಗಿಸಿ ಬಂದು ತಿಂಡಿಯ ಹೊತ್ತಿಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳುವುದು, ಅಷ್ಟೇ. ಎಷ್ಟೋ ಮಂದಿಗೆ ಈ ಒಂದು ಬದಲಾವಣೆ ಸಾಕಾಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ವರ್ಗದ ಮಾತ್ರೆಯಲ್ಲಿರುವವರು ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಹೊರಡುವ ಮುನ್ನ ನೋಡಿಕೊಳ್ಳಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಿ. ಒಂದು ಏಲಕ್ಕಿ ಬಾಳೆಹಣ್ಣು, ಇಲ್ಲವೇ ಒಂದು ಲೋಟ ತೆಳು ರಾಗಿ ಅಂಬಲಿ, ಇಲ್ಲವೇ ಎರಡು ಮಾರಿ ಬಿಸ್ಕತ್ತು. ನೆನೆಸಿದ ಬಾದಾಮಿ ನಾಲ್ಕು ತಿಂದೆ ಎಂದರೆ ಸಾಲದು, ಅದರಲ್ಲಿ ತಕ್ಷಣ ಒದಗುವ ಸಕ್ಕರೆ ಇಲ್ಲ. ಮಾತ್ರೆಯ ಪ್ರಮಾಣವನ್ನು ನೀವಾಗಿಯೇ ಬದಲಿಸಬೇಡಿ, ನಿಲ್ಲಿಸಲೂ ಬೇಡಿ.

ಇಷ್ಟೆಲ್ಲ ಯಾಕೆ ಹೇಳಬೇಕು ಎಂದರೆ, ಈ ಕಾಯಿಲೆ ಈಗ ಅಲ್ಲಿ ಇಲ್ಲಿ ಅಪರೂಪಕ್ಕೆ ಕಾಣುವಂಥದ್ದಲ್ಲ. ಐಸಿಎಂಆರ್ ಬೆಂಬಲದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ, ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ ಎಂದು ಅಂದಾಜಿಸಿತು. ವಯಸ್ಕರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಮಂದಿ. ಹಳ್ಳಿಗಳಿಗಿಂತ ನಗರಗಳಲ್ಲಿ ಜಾಸ್ತಿ. ಬೆಳಗಿನ ಪಾರ್ಕಿನಲ್ಲಿ ಸುತ್ತು ಹಾಕುವ ಅರವತ್ತು ದಾಟಿದವರ ನಡುವೆ ಈ ಪ್ರಮಾಣ ಇನ್ನೂ ಮೇಲಿರುವುದು ಸಹಜ, ಯಾಕೆಂದರೆ ಅನೇಕರು ಅಲ್ಲಿಗೆ ಬಂದಿರುವುದೇ ಆ ಕಾಯಿಲೆಯ ಕಾರಣಕ್ಕೆ.

ಬರಿ ಹೊಟ್ಟೆಯ ವ್ಯಾಯಾಮವೇ ಶ್ರೇಷ್ಠ ಎಂಬ ನಂಬಿಕೆ ಎಲ್ಲಿಂದ ಬಂತು ಎಂದು ವಿಚಾರಿಸಿದರೆ ಎರಡು ಉತ್ತರ ಸಿಗುತ್ತವೆ. ಹಿರಿಯರು ಯೋಗದ ಕಡೆ ಕೈ ತೋರಿಸುತ್ತಾರೆ, ಕಿರಿಯರು ಮೊಬೈಲಿನ ಕಡೆ.

ಯೋಗಾಸನವನ್ನು ಬರಿ ಹೊಟ್ಟೆಯಲ್ಲಿ ಮಾಡಬೇಕು ಎಂಬುದು ಸರಿಯಾದ ಮಾತು. ಬಾಗುವ, ತಿರುಚುವ, ತಲೆಕೆಳಗಾಗುವ ಆಸನಗಳನ್ನು ಉಂಡ ಹೊಟ್ಟೆಯಲ್ಲಿ ಮಾಡಲಾಗದು. ಆದರೆ ಆ ನಿಯಮವನ್ನು ಎತ್ತಿಕೊಂಡು ಒಂದು ಗಂಟೆಯ ಬಿರುಸು ನಡಿಗೆಗೂ ಜಿಮ್ಮಿನ ಭಾರ ಎತ್ತುವಿಕೆಗೂ ಅಂಟಿಸಿದ್ದು ನಾವು. ನಮ್ಮ ಪರಂಪರೆಯನ್ನೇ ಕೇಳುವುದಾದರೆ, ಹಸಿದವರು ಮತ್ತು ಬಾಯಾರಿದವರು ವ್ಯಾಯಾಮ ಮಾಡಬಾರದು ಎಂದು ಚರಕ ಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ಬಲಶಾಲಿಗಳಿಗೂ ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಸಾಕು ಎನ್ನುತ್ತದೆ. ಪಶ್ಚಿಮ ಬೆಂಗಳೂರಿನ ಬಹಳಷ್ಟು ಮನೆಗಳ ಬೇರು ಮಂಡ್ಯ, ಮಾಗಡಿ, ತುಮಕೂರು, ಹಾಸನದ ಕಡೆಯ ಹೊಲಗಳಲ್ಲಿದೆ ಎಂದರೆ ಹೆಚ್ಚಾಗಲಾರದು. ನಮ್ಮ ಅಜ್ಜಂದಿರು ನೇಗಿಲು ಹಿಡಿಯುವ ಮೊದಲು ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೋಗುತ್ತಿದ್ದರು. ಅಂಬಲಿ ಕುಡಿಯದೆ ಗುದ್ದಲಿ ಎತ್ತಿದವರನ್ನು ಮನೆಯ ಹೆಂಗಸರು ಬೈಯುತ್ತಿದ್ದರು. ಮೈಬಗ್ಗಿಸಿ ದುಡಿದ ಆ ಜನಕ್ಕೆ ಗೊತ್ತಿದ್ದದ್ದು ಇದೇ.

ಕಿರಿಯರ ವಾದ ಕೊಬ್ಬಿನದ್ದು. ಬರಿ ಹೊಟ್ಟೆಯಲ್ಲಿ ಓಡಿದರೆ ಕೊಬ್ಬು ಕರಗುತ್ತದೆ ಎಂದು ವಿಜಯನಗರದ ಜಿಮ್ಮುಗಳಲ್ಲಿ ಬೆಳಗಿನ ಐದೂವರೆಗೇ ಟ್ರೆಡ್‌ಮಿಲ್ ಹತ್ತುವ ಹುಡುಗ ಹುಡುಗಿಯರಿದ್ದಾರೆ. ‘ಫಾಸ್ಟೆಡ್ ಕಾರ್ಡಿಯೋ’ ಎಂದು ಅದಕ್ಕೆ ಹೆಸರು. ಇದರಲ್ಲಿ ಸತ್ಯ ಇದೆ, ಪೂರ್ತಿ ಇಲ್ಲ. ಉಪವಾಸದಲ್ಲಿ ವ್ಯಾಯಾಮ ಮಾಡುವಾಗ ಆ ಹೊತ್ತಿಗೆ ದೇಹ ಕೊಬ್ಬನ್ನು ಹೆಚ್ಚು ಉರಿಸುವುದು ನಿಜ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಆರು ವಾರಗಳ ಅಧ್ಯಯನದಲ್ಲಿ, ತಿಂಡಿಗೆ ಮುಂಚೆ ಸೈಕಲ್ ತುಳಿದ ಸ್ಥೂಲಕಾಯದ ಗಂಡಸರು ತಿಂಡಿಯ ನಂತರ ತುಳಿದವರಿಗಿಂತ ಸುಮಾರು ಎರಡು ಪಟ್ಟು ಕೊಬ್ಬು ಉರಿಸಿದರು, ಅವರ ದೇಹ ಇನ್ಸುಲಿನ್‌ಗೆ ಸ್ಪಂದಿಸುವ ರೀತಿಯೂ ಸುಧಾರಿಸಿತು. ಆದರೆ ತೂಕ ಇಳಿದದ್ದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಅಮೆರಿಕದಲ್ಲಿ 20 ಮಂದಿ ಆರೋಗ್ಯವಂತ ಯುವತಿಯರ ಮೇಲೆ ನಾಲ್ಕು ವಾರ ನಡೆದ ಅಧ್ಯಯನದಲ್ಲೂ ತಿಂದು ಮಾಡಿದವರ, ತಿನ್ನದೆ ಮಾಡಿದವರ ತೂಕ ಒಂದೇ ಸಮ ಇಳಿಯಿತು. ಆದ್ದರಿಂದ ಆರೋಗ್ಯವಂತರಾದ, ಯಾವ ಔಷಧಿಯನ್ನೂ ತೆಗೆದುಕೊಳ್ಳದ ಯುವಕರು ಅರ್ಧ ಮುಕ್ಕಾಲು ಗಂಟೆ ಬರಿ ಹೊಟ್ಟೆಯಲ್ಲಿ ನಡೆದರೆ, ಹದವಾಗಿ ಓಡಿದರೆ ಹೆದರಬೇಕಾದದ್ದೇನೂ ಇಲ್ಲ. ನಾನು ಅವರನ್ನು ತಡೆಯುತ್ತಿಲ್ಲ. ಅವರಲ್ಲಿ ಕೇಳುವುದು ಇಷ್ಟೇ: ನಿಮಗೆ ಒಗ್ಗಿದ್ದನ್ನು ನಿಮ್ಮ ಅಪ್ಪನಿಗೆ, ಮಾವನಿಗೆ ಉಪದೇಶ ಮಾಡಬೇಡಿ. ಅವರ ರಕ್ತದಲ್ಲಿ ಬೇರೆ ಔಷಧಿ ಓಡುತ್ತಿದೆ.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ಗಂಡಸರು ಪಾರ್ಕಿನಿಂದ ದರ್ಶಿನಿಗೆ ಹೋಗಿ ಖಾರಾಬಾತ್ ತಿಂದು ಮನೆಗೆ ಬರುತ್ತಾರೆ. ಹೆಂಗಸರು ಪಾರ್ಕಿನಿಂದ ನೇರ ಅಡುಗೆಮನೆಗೆ ಬರುತ್ತಾರೆ. ಮಕ್ಕಳ ಡಬ್ಬಿ, ಗಂಡನ ಡಬ್ಬಿ, ಅತ್ತೆಯ ಕಷಾಯ, ಸ್ನಾನ, ದೇವರ ದೀಪ. ಇಷ್ಟೆಲ್ಲ ಮುಗಿದು ಅವರು ತಿಂಡಿಗೆ ಕೂರುವಾಗ ಹತ್ತು, ಹತ್ತೂವರೆ. ಸೋಮವಾರ, ಶನಿವಾರ ಒಪ್ಪೊತ್ತು ಇದ್ದರೆ ಅದೂ ಇಲ್ಲ. ಹಿಂದಿನ ದಿನ ಒಪ್ಪೊತ್ತು ಮಾಡಿ, ರಾತ್ರಿ ಹಣ್ಣು ತಿಂದು ಮಲಗಿ, ಬೆಳಗ್ಗೆ ಐದಕ್ಕೆ ಮಾತ್ರೆ ನುಂಗಿ ವಾಕಿಂಗ್ ಬಂದ ತಾಯಂದಿರು ನಮ್ಮ ನಡುವೆ ಇದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ. ಶುಗರ್ ಇಲ್ಲದಿದ್ದರೂ ಇಂಥವರಿಗೆ ಬರಿ ಹೊಟ್ಟೆಯ ಬಿರುಸು ನಡಿಗೆಯಲ್ಲಿ ಉಬ್ಬಸ, ತಲೆಸುತ್ತು ಬರುವುದು ಸುಲಭ. ವ್ರತವನ್ನು ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ವ್ರತದ ದಿನ, ಅದರ ಮರುದಿನ ಬೆಳಗ್ಗೆ ವಾಕಿಂಗ್‌ಗೆ ರಜೆ ಕೊಡಿ, ಶುಗರ್ ಮಾತ್ರೆ ಇದ್ದರೆ ವ್ರತಕ್ಕೆ ಮುಂಚೆ ವೈದ್ಯರ ಬಳಿ ಮಾತಾಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಮನೆಯ ಗಂಡಸರಲ್ಲೂ ಒಂದು ಕೋರಿಕೆ ಇದೆ. ಹೆಂಗಸರು ವಾಕಿಂಗ್‌ನಿಂದ ಬಂದ ಅರ್ಧ ಗಂಟೆಯೊಳಗೆ ಅವರ ಮುಂದೆ ತಿಂಡಿ ಇರುವ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಇನ್ನು ಎದೆಯ ವಿಷಯ. 2021ರ ಅಕ್ಟೋಬರ್ 29ರ ಬೆಳಗ್ಗೆ ವ್ಯಾಯಾಮದ ಬಳಿಕ ಅಸ್ವಸ್ಥರಾಗಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಇಡೀ ನಾಡು ಕಣ್ಣೀರು ಹಾಕಿತು. ಅವರು ಮಣ್ಣಾದ ಕಂಠೀರವ ಸ್ಟುಡಿಯೋ ನಮ್ಮ ಈ ಭಾಗದಲ್ಲೇ ಇದೆ. ಆಗಲೂ, 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ, ಜನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು, ವ್ಯಾಯಾಮವೇ ಅಪಾಯ ಎಂಬ ಮಾತು ಬೀದಿಬೀದಿಯಲ್ಲಿ ಹಬ್ಬಿತು. ಅದು ತಪ್ಪು ತೀರ್ಮಾನ. ನಿತ್ಯ ನಡೆಯುವವರ ಹೃದಯ ನಡೆಯದವರ ಹೃದಯಕ್ಕಿಂತ ಕ್ಷೇಮ. ಆದರೆ ಹೃದಯಾಘಾತಗಳು ಬೆಳಗಿನ ಆರರಿಂದ ಮಧ್ಯಾಹ್ನದ ನಡುವೆ ಹೆಚ್ಚು ಎಂದು ಅಮೆರಿಕದ ಸಂಶೋಧಕರು 1985ರಲ್ಲೇ ತೋರಿಸಿದ್ದಾರೆ. ನಿದ್ದೆಯಿಂದ ಎದ್ದ ಹೊತ್ತಿಗೆ ರಕ್ತದೊತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಹಾಗಾಗಿ ಹಾಸಿಗೆಯಿಂದ ಎದ್ದವರೇ ಓಟಕ್ಕೆ ಬೀಳಬೇಡಿ. ನೀರು ಕುಡಿಯಿರಿ, ಮೊದಲ ಹತ್ತು ನಿಮಿಷ ನಿಧಾನ ನಡೆಯಿರಿ.

ಇಲ್ಲೇ ನಮ್ಮೂರಿನ ಒಂದು ಮಾರಕ ಅಭ್ಯಾಸ ಇದೆ. ನಡೆಯುವಾಗ ಎದೆ ಬಿಗಿದರೆ, ಎಡಗೈ ಎಳೆದರೆ, ದವಡೆ ನೋವು ಬಂದರೆ, ‘ಖಾಲಿ ಹೊಟ್ಟೆ ಅಲ್ವಾ, ಗ್ಯಾಸ್ಟ್ರಿಕ್ ಇರಬೇಕು’ ಎನ್ನುತ್ತೇವೆ. ಬೆಂಚಿನ ಮೇಲೆ ಕೂರಿಸಿ, ಅಂಗಡಿಯಿಂದ ಸೋಡಾ ತರಿಸಿ, ಗ್ಯಾಸ್ ಪುಡಿ ಕುಡಿಸುತ್ತೇವೆ. ನಡೆದಾಗ ಬಂದು ನಿಂತಾಗ ಹೋಗುವ ಎದೆಬಿಗಿತ ಹೃದಯದ್ದೇ ಆಗಿರುವ ಸಾಧ್ಯತೆ ಹೆಚ್ಚು. ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಬ್ಬಸವಾಗಿಯೂ ಹೃದಯಾಘಾತ ಬರಬಹುದು. ಖಾಲಿ ಹೊಟ್ಟೆ ಇಂಥ ಹೊತ್ತಿನಲ್ಲಿ ಒಂದು ನೆಪವಾಗಿ ಸಿಕ್ಕಿ, ಅಮೂಲ್ಯವಾದ ಮೊದಲ ಗಂಟೆಯನ್ನು ನುಂಗಿಹಾಕುತ್ತದೆ. ಗ್ಯಾಸ್ ಎಂದು ನಿರ್ಧರಿಸಬೇಕಾದವರು ಇಸಿಜಿ ನೋಡಿದ ವೈದ್ಯರು, ಪಾರ್ಕಿನ ಗೆಳೆಯರಲ್ಲ. ಪುನೀತ್ ಹೆಸರಿನಲ್ಲಿ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ: ಹತ್ತಿರದ ಆಸ್ಪತ್ರೆಯಲ್ಲಿ ಬೇಗ ಇಸಿಜಿ, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು.

ಪಾರ್ಕಿನ ಗೇಟಿನಲ್ಲಿ ಹಾಗಲಕಾಯಿ, ಬೂದುಗುಂಬಳ, ಗರಿಕೆ, ಸೋರೆಕಾಯಿ ರಸ ಮಾರುತ್ತಾರೆ. ಗಾಡಿಯವರ ಹೊಟ್ಟೆಪಾಡಿನ ಮೇಲೆ ನನಗೆ ಕೋಪವಿಲ್ಲ. ಆದರೆ ಶುಗರ್ ಮಾತ್ರೆ ನುಂಗಿ, ಗಂಟೆ ನಡೆದು, ಅದರ ಮೇಲೆ ಹಾಗಲಕಾಯಿ ರಸ ಕುಡಿದರೆ ಸಕ್ಕರೆ ಇನ್ನಷ್ಟು ಇಳಿಯಬಹುದು. ಸೋರೆಕಾಯಿ ರಸ ಕಹಿ ಇದ್ದರೆ ಒಂದು ಗುಟುಕೂ ಕುಡಿಯಬೇಡಿ, ಕಹಿ ಸೋರೆಯ ವಿಷದಿಂದ ಪ್ರಾಣವೇ ಹೋದ ಪ್ರಸಂಗಗಳು ದೇಶದಲ್ಲಿ ನಡೆದಿವೆ. ಅದೇ ಗಾಡಿಯಲ್ಲಿ ರಾಗಿ ಅಂಬಲಿ ಇದ್ದರೆ ಅದನ್ನು ಕುಡಿಯಿರಿ.

ರಕ್ತ ಪರೀಕ್ಷೆಯ ದಿನ ಇನ್ನೊಂದು ಎಡವಟ್ಟು. ಭಾನುವಾರ ಬೆಳಗ್ಗೆ ಫಾಸ್ಟಿಂಗ್ ರಕ್ತ ಕೊಡಬೇಕು, ಹೇಗೂ ಬರಿ ಹೊಟ್ಟೆ, ವಾಕಿಂಗ್ ಮುಗಿಸಿಯೇ ಲ್ಯಾಬಿಗೆ ಹೋಗೋಣ ಎಂದು ಹೊರಡುತ್ತೇವೆ. ನಡೆದು ಬಂದ ಮೇಲೆ ಕೊಟ್ಟ ರಕ್ತದಲ್ಲಿ ಸಕ್ಕರೆ ಕೆಲವರಿಗೆ ಇಳಿದಿರುತ್ತದೆ, ಕೆಲವರಿಗೆ ಒತ್ತಡದ ಹಾರ್ಮೋನಿನಿಂದ ಏರಿರುತ್ತದೆ. ಎರಡೂ ನಿಮ್ಮ ನಿಜವಾದ ಲೆಕ್ಕವಲ್ಲ. ಆ ಸುಳ್ಳು ಲೆಕ್ಕದ ಮೇಲೆ ಮಾತ್ರೆಯ ಪ್ರಮಾಣ ಬದಲಾಗಬಹುದು. ಮೊದಲು ರಕ್ತ ಕೊಡಿ, ತಿಂಡಿ ತಿನ್ನಿ, ಎರಡು ಗಂಟೆಯ ನಂತರದ ರಕ್ತವನ್ನೂ ಕೊಟ್ಟು, ಅಂದಿನ ನಡಿಗೆಯನ್ನು ಸಂಜೆಗೆ ಇಟ್ಟುಕೊಳ್ಳಿ.

ಸಂಜೆಯ ಮಾತು ಬಂತು. ನಡಿಗೆ ಬೆಳಗ್ಗೆಯೇ ಆಗಬೇಕೆಂದು ಯಾರು ಹೇಳಿದರು? ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 41 ಮಂದಿ ಟೈಪ್ 2 ಮಧುಮೇಹಿಗಳು ಒಮ್ಮೆ ದಿನಕ್ಕೆ ಒಂದೇ ಸಲ 30 ನಿಮಿಷ ತಮಗಿಷ್ಟ ಬಂದ ಹೊತ್ತಿಗೆ ನಡೆದರು, ಇನ್ನೊಮ್ಮೆ ಮೂರು ಹೊತ್ತಿನ ಊಟದ ನಂತರ ತಲಾ 10 ನಿಮಿಷ ನಡೆದರು. ಊಟದ ನಂತರ ನಡೆದಾಗ, ಉಂಡ ಮೇಲೆ ಏರುವ ಸಕ್ಕರೆ ಸರಾಸರಿ ಶೇಕಡಾ 12 ಕಡಿಮೆ ಇತ್ತು. ರಾತ್ರಿಯ ಊಟದ ನಂತರವಂತೂ ಶೇಕಡಾ 22. ಮುದ್ದೆಯೋ ಅನ್ನವೋ ಭರ್ತಿಯಾಗಿ ಉಣ್ಣುವ ನಮಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ? 2024ರಲ್ಲಿ ನಗರದ ಪಾರ್ಕುಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ ಪ್ರಕಟಿಸಲಾಗಿತ್ತು. ಏಳೂವರೆಗೆ ಉಂಡು, ಎಂಟಕ್ಕೆ ಗಂಡ ಹೆಂಡತಿ ಜೊತೆಯಾಗಿ ಎರಡು ಸುತ್ತು ಹಾಕಿ ಬನ್ನಿ. ದೀಪವಿಲ್ಲದ, ಗೇಟು ಬೇಗ ಹಾಕುವ ಪಾರ್ಕು ನಿಮ್ಮದಾಗಿದ್ದರೆ ದೀಪವನ್ನೂ ಆ ಸಮಯವನ್ನೂ ಕೇಳಿ ಪಡೆಯಿರಿ.

ಇನ್ನು ಕೆಲವರಲ್ಲಿ ಬೇರೆಬೇರೆಯಾಗಿ ಕೇಳಿಕೊಳ್ಳುವುದಿದೆ.

ನಮ್ಮ ಬಡಾವಣೆಗಳ ವೈದ್ಯರೇ, ನಿಮ್ಮ ಮುಂದಿನ ಸಾಲು ಉದ್ದವಿದೆ, ಬಲ್ಲೆ. ಆದರೂ ‘ವಾಕಿಂಗ್ ಮಾಡ್ತೀರಾ’ ಎಂದು ಕೇಳಿದ ಮೇಲೆ ‘ಮಾತ್ರೆ ಎಷ್ಟೊತ್ತಿಗೆ ತಗೊಳ್ತೀರಾ, ತಿಂಡಿ ಎಷ್ಟೊತ್ತಿಗೆ’ ಎಂದು ಇನ್ನೊಂದು ಪ್ರಶ್ನೆ ಕೇಳಿ. ಚೀಟಿಯಲ್ಲಿ ‘ಊಟಕ್ಕೆ ಮುಂಚೆ’ ಎಂದು ಬರೆಯುವ ಬದಲು ‘ತಿಂಡಿ ತಟ್ಟೆ ಮುಂದಿಟ್ಟುಕೊಂಡು’ ಎಂದು ಕನ್ನಡದಲ್ಲೇ ಬರೆದುಕೊಡಿ. ಮೆಡಿಕಲ್ ಶಾಪಿನವರೇ, ಗ್ಲಿಮೆಪಿರೈಡ್ ಇರುವ ಸ್ಟ್ರಿಪ್ಪು ಕೊಡುವಾಗ ಬಾಯಲ್ಲಿ ಒಂದು ಮಾತು ಹೇಳಿ. ಎಷ್ಟೋ ಹಿರಿಯರು ವೈದ್ಯರಿಗಿಂತ ಹೆಚ್ಚಾಗಿ ನಿಮ್ಮನ್ನು ಕಾಣುತ್ತಾರೆ.

ಪಾರ್ಕುಗಳ ವಾಕರ್ಸ್ ಬಳಗದವರೇ, ನಗೆಕೂಟ, ಯೋಗಕೂಟದವರೇ, ರಾಜ್ಯೋತ್ಸವಕ್ಕೆ ಸಿಹಿ ಹಂಚುವಷ್ಟು ಒಗ್ಗಟ್ಟು ನಿಮ್ಮಲ್ಲಿದೆ. ಒಂದು ಡಬ್ಬಿ ಗ್ಲೂಕೋಸ್ ಪುಡಿ, ಒಂದು ಬಾಟಲಿ ನೀರು, ಒಂದು ಗ್ಲುಕೋಮೀಟರ್ ಪಾರ್ಕಿನ ಕಾವಲುಗಾರರ ಕೋಣೆಯಲ್ಲಿಡಿ. ನಿಮ್ಮ ಗುಂಪಿನಲ್ಲಿ ಯಾರಿಗೆ ಇನ್ಸುಲಿನ್ ಇದೆ, ಯಾರಿಗೆ ಹೃದಯದ ತೊಂದರೆ ಇದೆ ಎಂದು ಒಪ್ಪಿ ಹೇಳುವವರಿಂದ ತಿಳಿದುಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಪಶ್ಚಿಮ ನಗರ ಪಾಲಿಕೆಯ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಪಾರ್ಕಿನಲ್ಲೂ ಕುಡಿಯುವ ನೀರಿನ ನಲ್ಲಿ ಕೊಡಿ. ‘ಹೂ ಕೀಳಬೇಡಿ’ ಫಲಕದ ಪಕ್ಕದಲ್ಲಿ ಲೋ ಶುಗರ್ ಲಕ್ಷಣ, ಅದಕ್ಕೆ ಮಾಡಬೇಕಾದ್ದು, ಹತ್ತಿರದ ಆಸ್ಪತ್ರೆಯ ಹೆಸರು, 108 ಎಂಬ ಸಂಖ್ಯೆ ಇರುವ ಒಂದು ಕನ್ನಡ ಫಲಕ ಹಾಕಿ. ವಾರ್ಡಿನ ‘ನಮ್ಮ ಕ್ಲಿನಿಕ್’ ಸಿಬ್ಬಂದಿಯನ್ನು ತಿಂಗಳಿಗೊಮ್ಮೆ ಬೆಳಗ್ಗೆ ಪಾರ್ಕಿಗೆ ಕಳಿಸಿ.

ಆ ಫಲಕ ಬರುವವರೆಗೆ ಇದನ್ನು ನೆನಪಿಡಿ. ಜೊತೆಯಲ್ಲಿ ನಡೆಯುವವರು ಇದ್ದಕ್ಕಿದ್ದಂತೆ ಬೆವರಿ, ನಡುಗಿ, ತಡವರಿಸಿ ಮಾತಾಡಿದರೆ, ಕಾರಣವಿಲ್ಲದೆ ಸಿಡುಕಿದರೆ ಕೂರಿಸಿ. ಎಚ್ಚರವಿದ್ದು ನುಂಗಬಲ್ಲರಾದರೆ 15 ಗ್ರಾಂ, ಅಂದರೆ ಸುಮಾರು ಮೂರು ಚಹಾ ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು (ವೊಗ್ಲಿಬೋಸ್, ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಗ್ಲೂಕೋಸನ್ನೇ) ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಕಾಯಿರಿ. ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಇಡ್ಲಿಯನ್ನೋ ಬಾಳೆಹಣ್ಣನ್ನೋ ತಿನ್ನಿಸಿ, ಒಬ್ಬರನ್ನೇ ಮನೆಗೆ ಕಳಿಸಬೇಡಿ. ಗ್ಲಿಮೆಪಿರೈಡ್ ವರ್ಗದ ಮಾತ್ರೆಯಿಂದ ಇಳಿದ ಸಕ್ಕರೆ ಕೆಲವು ಗಂಟೆಗಳ ಮೇಲೆ ಮತ್ತೆ ಇಳಿಯಬಹುದು, ಅಂದೇ ವೈದ್ಯರಿಗೆ ತಿಳಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಎದೆನೋವು ಇದ್ದರೆ ಸಕ್ಕರೆಯ ಲೆಕ್ಕ ನೋಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇವತ್ತು ಸಂಜೆ ನಿಮ್ಮ ಮನೆಯ ಮಾತ್ರೆ ಡಬ್ಬಿ ತೆರೆದು, ಪ್ರತಿ ಸ್ಟ್ರಿಪ್ಪಿನ ಹೆಸರನ್ನೂ ಅದನ್ನು ನುಂಗುವ ಹೊತ್ತನ್ನೂ ತಿಂಡಿಯ ಹೊತ್ತನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಈ ವಾರವೇ ಆ ಹಾಳೆಯನ್ನು ನಿಮ್ಮ ವೈದ್ಯರ ಮುಂದಿಟ್ಟು, ‘ನಾನು ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗ್ತೀನಿ, ಇದನ್ನ ಯಾವಾಗ ತಗೊಳ್ಳಲಿ’ ಎಂದು ಕೇಳಿ. ಅಲ್ಲಿಯವರೆಗೆ ಒಂದು ಬಾಳೆಹಣ್ಣು ತಿಂದು, ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇಟ್ಟುಕೊಂಡು ಹೊರಡಿ.